ಎಂಥಾಲ್ಪಿ: ಉಷ್ಣಾಂಶವೋ, ಒಳಗಾವೋ?

ಮಾನ್ಯರೇ,
ತೀರ್ಥಹಳ್ಳಿಯ ನಮ್ಮ ಪದವಿಪೂರ್ವ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ, ರಾಸಾಯನಿಕ ಕ್ರಿಯೆಗಳಲ್ಲಿ ಉಷ್ಣದ ಲೆಕ್ಕ ಹಾಕುವ ಬಗೆಯನ್ನು ತಿಳಿಸುವ ಫಲಕವೊಂದು ಸಿದ್ಧವಾಗುತ್ತಿದೆ. ಆ ಲೆಕ್ಕದಲ್ಲಿ ಬಳಸುವ ಶಕ್ತಿಯ ಅಳತೆಗೆ ಇಂಗ್ಲಿಷಿನಲ್ಲಿ ಎಂಥಾಲ್ಪಿ ಎಂದು ಹೆಸರು. 'ಎಂಥಾಲ್ಪಿ ಬದಲಾವಣೆ' ಎಂಬಲ್ಲಿ 'ಉಷ್ಣಾಂಶ ಬದಲಾವಣೆ' ಎಂದು ಬರೆಸಬಹುದೇ? ಫಲಕ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ.

ಉತ್ತರ (ಸಾಗರದಿಂದ):
ಉಷ್ಣಾಂಶ ಸಲ್ಲದು, ಎಂಥಾಲ್ಪಿಯೂ ಸಲ್ಲದು. ಗ್ರೀಕಿನಲ್ಲಿ 'ಎನ್' ಎಂದರೆ ಒಳಗೆ, 'ಥಾಲ್ಪೋಸ್' ಎಂದರೆ ಕಾವು. 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ' ಆಗುವಾಗಿನ ಆದೇಶಸಂಧಿಯೇ ಇಲ್ಲಿಯೂ ಆಗಿ 'ಒಳಗಾವು' ಸಿದ್ಧಿಸುತ್ತದೆ. ಡಚ್ ವಿಜ್ಞಾನಿ ಕಾಮರ್ಲಿಂಗ್ ಓನೆಸ್ ಗ್ರೀಕ್ ಬೇರಿನಿಂದ ಪದ ಕಟ್ಟಬಹುದಾದರೆ ನಾವು ನಮ್ಮ ಬೇರಿನಿಂದ ಕಟ್ಟಬಾರದೇಕೆ? ಎರವಲು ತರುವುದು ಸೋಮಾರಿತನ.

ಉತ್ತರ (ಶಿವಮೊಗ್ಗದಿಂದ):
ಉಷ್ಣಾಂಶ ಬೇಡವೆಂಬುದನ್ನು ಒಪ್ಪುತ್ತೇನೆ. ಆಗುಂಬೆಯ ಕನಿಷ್ಠ ಉಷ್ಣಾಂಶವನ್ನು ಪತ್ರಿಕೆಯಲ್ಲಿ ಡಿಗ್ರಿಗಳಲ್ಲಿ ಓದುವ ವಿದ್ಯಾರ್ಥಿಗೆ ಫಲಕದಲ್ಲಿ ಅದೇ ಪದ ಶಕ್ತಿಯ ಮಾನವಾದ ಕಿಲೋಜೌಲ್‌ಗಳೊಂದಿಗೆ ಕಂಡರೆ ಗೊಂದಲ ಖಂಡಿತ.

ಒಳಗಾವಿನ ಸಂಧಿ ಸರಿ, ಅರ್ಥ ತಪ್ಪು. ಉಷ್ಣವು ವಸ್ತುವಿನೊಳಗೆ ಕೂಡಿಟ್ಟ ಸರಕಲ್ಲ. ತಾಪದ ವ್ಯತ್ಯಾಸದಿಂದಾಗಿ ಶಕ್ತಿಯು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವಾಗ ಮಾತ್ರ ಅದಕ್ಕೆ ಆ ಹೆಸರು. ಎಂಥಾಲ್ಪಿಯಾದರೋ ಆಂತರಿಕ ಶಕ್ತಿಗೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧವನ್ನು ಕೂಡಿಸಿದ ಮೊತ್ತ. ಒತ್ತಡ ಸ್ಥಿರವಾಗಿದ್ದು, ಹಿಗ್ಗುವ ಕುಗ್ಗುವ ಕೆಲಸದ ಹೊರತು ಬೇರೆ ಕೆಲಸ ನಡೆಯದಿದ್ದಾಗ ಮಾತ್ರ ಅದರ ಬದಲಾವಣೆ ಕ್ರಿಯೆಯ ಉಷ್ಣಕ್ಕೆ ಸಮನಾಗುತ್ತದೆ. ಈ ಷರತ್ತನ್ನು 'ಒಳಗಾವು' ನುಂಗಿಬಿಡುತ್ತದೆ.

ಬೇರನ್ನು ಅನುವಾದಿಸಿದರೆ ಬೇರಿನಲ್ಲಿರುವ ತಪ್ಪೂ ಜೊತೆಗೆ ಬರುತ್ತದೆ. ಎಲ್ಲ ಆಮ್ಲಗಳಲ್ಲಿಯೂ ಆಕ್ಸಿಜನ್ ಇರಲೇಬೇಕೆಂದು ಫ್ರೆಂಚ್ ವಿಜ್ಞಾನಿ ಲವಾಸಿಯೆ ತಪ್ಪಾಗಿ ನಂಬಿ ಇಟ್ಟ ಹೆಸರನ್ನು ನಾವು 'ಆಮ್ಲಜನಕ' ಎಂದು ಅಕ್ಷರಶಃ ತಂದುಕೊಂಡೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ಇಂದಿಗೂ ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿದೆ. ಇನ್ನೊಂದು ಅಂಥ ಪದ ಬೇಡ. ಎಂಥಾಲ್ಪಿಯನ್ನು ಹಾಗೆಯೇ ಇಟ್ಟುಕೊಂಡು ಷಷ್ಠಿ, ಸಪ್ತಮಿಗಳನ್ನು ಹಚ್ಚಿದರೆ ಅದು ಕನ್ನಡದಲ್ಲಿ ಸಲೀಸಾಗಿ ನಡೆಯುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಫಲಕಕ್ಕೆ ರಸಾಯನ ವಿಜ್ಞಾನಿ ಹೆಸ್ಸನ 1840ರ ನಿಯಮದ ಒಂದು ಲೆಕ್ಕ ಸಾಕು. ಒಂದು ಮೋಲ್ (ರಸಾಯನ ವಿಜ್ಞಾನದಲ್ಲಿ ವಸ್ತುವಿನ ಪ್ರಮಾಣದ ಮಾನ) ಗ್ರಾಫೈಟ್ ಎಂಬ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುವಾಗ ಎಂಥಾಲ್ಪಿ ಬದಲಾವಣೆ −393.5 ಕಿಲೋಜೌಲ್, ಒಂದು ಮೋಲ್ ಕಾರ್ಬನ್ ಮಾನಾಕ್ಸೈಡ್ ಉರಿದು ಅದೇ ಅನಿಲವಾಗುವಾಗ −283.0. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ, ಗ್ರಾಫೈಟ್ ಮಾನಾಕ್ಸೈಡ್ ಆಗುವ ಹಂತಕ್ಕೆ −110.5 ಸಿಗುತ್ತದೆ. ಉರಿಯುವಾಗ ಡೈಆಕ್ಸೈಡ್ ಸಹ ಹುಟ್ಟಿಕೊಳ್ಳುವುದರಿಂದ ಈ ಹಂತವನ್ನು ಪ್ರತ್ಯೇಕವಾಗಿ ಅಳೆಯುವುದು ಕಷ್ಟ. ಎಂಥಾಲ್ಪಿಯು ದಾರಿಯನ್ನು ಲೆಕ್ಕಿಸದೆ ಆದಿ ಅಂತ್ಯಗಳನ್ನು ಮಾತ್ರ ಅವಲಂಬಿಸಿರುವುದರಿಂದ ಈ ಕಳೆಯುವ ಲೆಕ್ಕ ನಿಲ್ಲುತ್ತದೆ.

ಪ್ರತಿ ವಸ್ತುವಿನ ಸ್ಥಿತಿಯನ್ನೂ ತಪ್ಪದೆ ಬರೆಸಿರಿ. ಹೈಡ್ರೋಜನ್ ಉರಿದು ದ್ರವರೂಪದ ನೀರಾದರೆ ಮೋಲಿಗೆ −285.8, ಆವಿಯಾದರೆ −241.8. ಇವೆರಡರ ವ್ಯತ್ಯಾಸವಾದ, ಒಂದು ಮೋಲ್ ನೀರನ್ನು ಆವಿ ಮಾಡಲು ತಗಲುವ ಆ 44 ಕಿಲೋಜೌಲ್ ಎಷ್ಟು ದೊಡ್ಡದೆಂಬುದು ಮಳೆಗಾಲದಲ್ಲಿ ಬಚ್ಚಲೊಲೆಗೆ ಹಸಿ ಸೌದೆ ಒಟ್ಟಿದ ಮಲೆನಾಡಿನವರಿಗೆ ಗೊತ್ತು.

ಶೀರ್ಷಿಕೆ ಹೀಗಿರಲಿ: 'ಸ್ಥಿರ ಒತ್ತಡದಲ್ಲಿ ರಾಸಾಯನಿಕ ಕ್ರಿಯೆಯ ಎಂಥಾಲ್ಪಿ ಬದಲಾವಣೆ'. ಅದರ ಕೆಳಗೆ, ಋಣ ಚಿಹ್ನೆಯಿದ್ದರೆ ಬಹಿರುಷ್ಣಕ (ಉಷ್ಣ ಹೊರಬಿಡುವ ಕ್ರಿಯೆ), ಧನ ಚಿಹ್ನೆಯಿದ್ದರೆ ಅಂತರುಷ್ಣಕ (ಉಷ್ಣ ಹೀರುವ ಕ್ರಿಯೆ) ಎಂದು ಬರೆಸಿರಿ.