ಪದಚರ್ಚೆ: ‘ಶಾರ್ಟ್ ಪಾತ್ ಡಿಸ್ಟಿಲೇಶನ್’ ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ನಾಳೆ ಸಂಜೆಯೊಳಗೆ.

ಕೈಯಲ್ಲಿರುವುದು ಒಂದು ಕೈಪಿಡಿಯ ಅನುವಾದ. ಲೈಸೆನ್ಸ್ ಇರುವ ಪ್ರಯೋಗಾಲಯಗಳು ಕ್ಯಾನಬಿಸ್ ಸಾರವನ್ನು ಶುದ್ಧ ಮಾಡಲು ಯಾವ ‘ಶಾರ್ಟ್ ಪಾತ್ ಡಿಸ್ಟಿಲೇಶನ್’ ಸಾಧನ (ಕಾಯಿಸಿ ಆವಿ ಮಾಡಿ, ತಣಿಸಿ ಹನಿಯಾಗಿ ಇಳಿಸುವಂಥದ್ದು) ಕೊಳ್ಳಬೇಕು, ಕೊಳ್ಳುವ ಮೊದಲು ಏನೇನು ನೋಡಬೇಕು ಅನ್ನುವುದು ವಿಷಯ. ಶೀರ್ಷಿಕೆಯಲ್ಲೇ ಸಿಕ್ಕಿಕೊಂಡಿದ್ದೇನೆ. ಮೊದಲು ‘ಅಡ್ಡದಾರಿ ಬಟ್ಟಿ’ ಅಂತ ಬರೆದಿದ್ದೆ. ಅಕ್ಕ ಓದಿ ನಕ್ಕಳು. ಗಾಂಜಾ, ಅಡ್ಡದಾರಿ, ಬಟ್ಟಿ, ಮೂರೂ ಒಂದೇ ಸಾಲಿನಲ್ಲಿ ಬಂದರೆ ಅದು ಕೈಪಿಡಿಯಲ್ಲ, ಪೊಲೀಸ್ ಪಂಚನಾಮೆ ಅಂದಳು.

ಇನ್ನೂ ಮೂರು ತೊಡಕು ಇವೆ. ‘ಕೋಲ್ಡ್ ಟ್ರ್ಯಾಪ್’ ಅನ್ನುವುದನ್ನು ‘ಶೀತ ಬಲೆ’ ಎಂದು ಬರೆದು ಅಳಿಸಿದೆ. ‘ಕೌ’ ಅನ್ನುವ ಗಾಜಿನ ಭಾಗವೊಂದಿದೆ, ಅದನ್ನು ಹಸು ಅನ್ನಲೇ? ಮತ್ತೆ ಗಿಡದ ಹೆಸರು. ಗಾಂಜಾ, ಭಂಗಿ, ಸೆಣಬು, ಯಾವುದು ಸರಿ? ದಯವಿಟ್ಟು ಬೇಗ ತಿಳಿಸಿ.

* * *

ಶಾರ್ಟ್ ಪಾತ್ ಡಿಸ್ಟಿಲೇಶನ್ ಅಂತಲೇ ಬರೆಯಿರಿ. ಅದನ್ನು ಕೊಳ್ಳುವವನಿಗೆ ಆ ಮಾತು ಗೊತ್ತಿರುತ್ತದೆ. ಗೊತ್ತಿಲ್ಲದವನು ಕೊಳ್ಳುವುದಿಲ್ಲ. ಮುಗಿಯಿತು.

* * *

ಮುಗಿಯಲಿಲ್ಲ. ಡಿಸ್ಟಿಲೇಶನ್‌ಗೆ ಪಠ್ಯಪುಸ್ತಕದಲ್ಲಿ ‘ಆಸವನ’ ನೆಲೆಯೂರಿದೆ. ಆಂಶಿಕ ಆಸವನ ಎಂದು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ. ಇರುವ ಮಾತನ್ನು ಬಿಟ್ಟು ಹೊಸದು ಹುಡುಕುವುದು ಸುಮ್ನೆ ಕೆಲಸವಿಲ್ಲದವರ ಚಟ. ‘ಹ್ರಸ್ವಪಥ ಆಸವನ’ ಅನ್ನಿ, ಸಾಕು. ಯಾರಾದರೂ ‘ಕಿರುಪಥ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಬೇಡ.

ಮೂವತ್ತು ವರ್ಷ ಪಾಠ ಮಾಡಿದವನ ಮಾತಿಗೆ ಇಷ್ಟಾದರೂ ಬೆಲೆ ಇರಲಿ.

* * *

> ಇರುವ ಮಾತನ್ನು ಬಿಟ್ಟು

ಮೇಷ್ಟ್ರೇ, ಇರುವ ಮಾತೇ ತಪ್ಪು. ಆಸವ ಅಂದರೆ ಹುದುಗಿಸಿದ್ದು. ದ್ರಾಕ್ಷಾಸವ, ಕುಮಾರ್ಯಾಸವ ಬಾಟಲಿಗಳನ್ನು ನೋಡಿದ್ದೀರಲ್ಲ, ಅವನ್ನು ಯಾರೂ ಬಟ್ಟಿ ಇಳಿಸುವುದಿಲ್ಲ, ಮುಚ್ಚಿಟ್ಟು ಹುಳಿ ಬರಿಸುತ್ತಾರೆ. ಧಾತು ‘ಸು’, ಅದರ ಅರ್ಥ ಹಿಂಡುವುದು. ಸೋಮರಸ ಹಿಂಡುವುದಕ್ಕೂ ಅದೇ ಧಾತು. ಹಿಂಡುವುದರಲ್ಲಿ ಆವಿ ಎಲ್ಲಿಂದ ಬಂತು?

ಬಟ್ಟಿ ಇಳಿಸಿದ್ದಕ್ಕೆ ಆಯುರ್ವೇದದವರು ಹೇಳುವುದು ‘ಅರ್ಕ’. ಇದು ಎಕ್ಕದ ಗಿಡದ ಅರ್ಕ ಅಲ್ಲ, ಸೂರ್ಯನೂ ಅಲ್ಲ. ಅರಬ್ಬಿಯ ‘ಅರಕ್’, ಅಂದರೆ ಬೆವರು. ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವುದನ್ನು ನೋಡಿದವನು ಇಟ್ಟ ಹೆಸರು ಅದು. ಎಷ್ಟು ಚೆನ್ನಾಗಿದೆ ನೋಡಿ. ಇಂಗ್ಲಿಷಿನವರ ‘ಅರಾಕ್’ ಕೂಡ ಅಲ್ಲಿಂದಲೇ. ಹಾಗಾಗಿ ನನ್ನ ಸಲಹೆ ‘ಅರ್ಕ ಇಳಿಸುವುದು’.

* * *

ಕೇಳಿದ್ದು ಶಾರ್ಟ್ ಪಾತ್. ಬರುತ್ತಿರುವುದು ಸೋಮರಸ.

‘ಬಟ್ಟಿ ಇಳಿಸು’ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಅದರಲ್ಲಿ ಕೆಲಸವೂ ಕಾಣುತ್ತದೆ. ಆವಿ ಮೇಲೇರುತ್ತದೆ, ಹನಿ ಕೆಳಗಿಳಿಯುತ್ತದೆ. ಲ್ಯಾಟಿನ್ನಿನ ಮೂಲ ಪದಕ್ಕೂ ಹನಿಹನಿಯಾಗಿ ಕೆಳಗೆ ತೊಟ್ಟಿಕ್ಕು ಅನ್ನುವುದೇ ಅರ್ಥ. ಹಾಗಾಗಿ ‘ಕಿರುದಾರಿ ಬಟ್ಟಿ’. ಕಿರುಬೆರಳು, ಕಿರುನಗೆ, ಕಿರುದಾರಿ. ಅರಿಸಮಾಸ ಇಲ್ಲ, ಹ್ರಸ್ವಸ್ವರದ ನೆನಪೂ ಇಲ್ಲ.

ಇನ್ನೂ ಒಂದಿದೆ. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಅಂತಲೇ ಹೆಸರು, ದಾರಿಹೋಕ ‘ಬಟ್ಟೆಗ’. ‘ಕಿರುಬಟ್ಟೆ ಬಟ್ಟಿ’ ಅಂದರೆ ಪ್ರಾಸವೂ ಕೂಡುತ್ತದೆ. ಕಳೆದುಹೋದ ಒಂದು ಮಾತು ಮತ್ತೆ ಚಲಾವಣೆಗೆ ಬಂದಂತೆಯೂ ಆಗುತ್ತದೆ, ಅಲ್ವಾ? ಎರವಲು ಜಾಸ್ತಿ ಆಗಿ ನಮ್ಮ ಮಾತೇ ನಮಗೆ ಮರೆತುಹೋಗಿದೆ.

* * *

ಕಿರುಬಟ್ಟೆ ಅಂದರೆ ಕರವಸ್ತ್ರ. ಬೇಡ.

‘ಎರವಲು ಜಾಸ್ತಿ’ ಅಂದಿರಲ್ಲ, ಆ ‘ಜಾಸ್ತಿ’ ಯಾರ ಮನೆಯದು? ಉರ್ದುವಿನ ಮೂಲಕ ಬಂದದ್ದು. ‘ಬಟ್ಟಿ’ಯಂತೂ ಹಿಂದಿ, ಮರಾಠಿಯ ‘ಭಟ್ಟೀ’. ಅದರ ಹಿಂದೆ ಸಂಸ್ಕೃತದ ‘ಭ್ರಾಷ್ಟ್ರ’, ಹುರಿಯುವ ಬಾಣಲೆ. ನಿಮ್ಮ ಹಳಗನ್ನಡ ‘ಬಟ್ಟೆ’ ಕೂಡ ‘ವರ್ತ್ಮ’ದ ತದ್ಭವ. ಅಚ್ಚಗನ್ನಡ ಅಂತ ಎದೆ ತಟ್ಟಿಕೊಂಡು ತಂದಿಟ್ಟ ಎರಡೂ ಎರವಲಿನವೇ. ಅದಿರಲಿ, ಬರೆಯುವುದಾದರೆ ‘ಭಟ್ಟಿ’ ಅಂತ ಮಹಾಪ್ರಾಣ ಹಾಕಿ ಬರೆಯಿರಿ.

* * *

ಮಹಾಪ್ರಾಣವನ್ನು ಯಾರು ಉಚ್ಚರಿಸುತ್ತಾರೆ? ಬಾಯಲ್ಲಿ ‘ಬಟ್ಟಿ’, ಹಾಳೆಯಲ್ಲೂ ‘ಬಟ್ಟಿ’. ಕುರ್ಚಿ, ಮೇಜು ನಮ್ಮವಾಗಿ ಎಷ್ಟೋ ಕಾಲವಾಯಿತು, ಹಾಗೆಯೇ ಬಟ್ಟಿಯೂ. ನನ್ನ ತಕರಾರು ಬಂದದ್ದನ್ನು ನಮ್ಮ ನಾಲಿಗೆಗೆ ಪಳಗಿಸದೆ ಇಟ್ಟುಕೊಳ್ಳುವುದರ ಬಗ್ಗೆ.

* * *

ನಿನ್ನೆಯಿಂದ ಸುಮ್ಮನೆ ಓದುತ್ತಿದ್ದೆ. ನಾನು ಇಂಥ ಸಾಧನಗಳ ಜೊತೆ ಕೆಲಸ ಮಾಡಿದವನು, ಸುಗಂಧ ಎಣ್ಣೆ ಮತ್ತು ವಿಟಮಿನ್ ಇ ಕಡೆ. ಪದ ಹುಡುಕುವ ಮೊದಲು ‘ದಾರಿ’ ಯಾರದು ಅಂತ ಯಾರಾದರೂ ಕೇಳಿದಿರಾ?

ದಾರಿ ಆವಿಯದು. ಕಾದ ಎಣ್ಣೆಯಿಂದ ಹೊರಟ ಆವಿ ತಣ್ಣನೆ ಗೋಡೆಗೆ ತಾಗುವವರೆಗೆ ನಡೆಯುವ ದೂರ. ಮಾಮೂಲಿ ಬಟ್ಟಿಯಲ್ಲಿ ಆವಿ ಉದ್ದನೆ ಕೊಳವೆ ಹಾದು ಹೋಗುತ್ತದೆ. ಇಲ್ಲಿ ತಣಿಸುವ ಭಾಗ ಪಕ್ಕದಲ್ಲೇ ಕೂತಿರುತ್ತದೆ, ಕೆಲವು ಸೆಂಟಿಮೀಟರ್ ದೂರದಲ್ಲಿ. ಯಾಕೆ ಹಾಗೆ? ಈ ಸಾರಗಳು ತೀರಾ ಮೆತ್ತನೆಯ ಸ್ವಭಾವದವು, ಜೋರಾಗಿ ಕಾಯಿಸಿದರೆ ಕೆಡುತ್ತವೆ. ಒತ್ತಡ ಇಳಿಸಿದರೆ ಕುದಿಯುವ ಬಿಸಿಯೂ ಇಳಿಯುತ್ತದೆ, ಹಾಗಾಗಿ ಪಂಪು ಹಾಕಿ ಒಳಗಿನ ಗಾಳಿ ಎಳೆದುಬಿಡುತ್ತಾರೆ. ಆದರೆ ಅಷ್ಟು ಕಡಿಮೆ ಒತ್ತಡದಲ್ಲಿ ಕೊಳವೆ ಉದ್ದವಾದರೆ ಅಥವಾ ಇಕ್ಕಟ್ಟಾದರೆ, ಅದರ ಎರಡು ತುದಿಯ ನಡುವೆ ಒತ್ತಡದ ಅಂತರ ಬಿದ್ದು ಪಂಪಿನ ಹತ್ತಿರ ಒಂದು ಅಳತೆ, ಎಣ್ಣೆಯ ಮೇಲೆ ಇನ್ನೊಂದು ಅಳತೆ ಆಗಿಬಿಡುತ್ತದೆ. ದಾರಿ ಗಿಡ್ಡ ಇರುವುದು ಅದಕ್ಕೇ. ಬೇಗ ಮುಗಿಯುತ್ತದೆ ಅಂತ ಅಲ್ಲ. ಒಂದು ಕಡೆ ‘ಶೀಘ್ರ ಬಟ್ಟಿ’ ಅಂತ ಅನುವಾದ ಆದದ್ದನ್ನು ನೋಡಿದ್ದೇನೆ, ಪೂರ್ತಿ ತಪ್ಪು.

ಅಳತೆ ಬೇಕಾದರೆ ತಗೊಳ್ಳಿ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸಾಗುವ ದೂರ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲೂ ಇಲ್ಲ. ಒತ್ತಡವನ್ನು 0.001 ಮಿಲಿಬಾರಿಗೆ ಇಳಿಸಿದರೆ ಅದೇ ದೂರ ಸುಮಾರು 7 ಸೆಂಟಿಮೀಟರ್ ಆಗುತ್ತದೆ. ಎಣ್ಣೆಯ ಅಣು ದೊಡ್ಡದು, ಅದಕ್ಕೆ ಇನ್ನೂ ಕಡಿಮೆ. ಅಂದರೆ ಆವಿ ಹೊರಟು ದಾರಿಯಲ್ಲಿ ಯಾರಿಗೂ ಹೆಚ್ಚು ತಾಗದೆ ಗೋಡೆ ಮುಟ್ಟಬೇಕು. ಈಗ ಹೇಳಿ, ‘ಕಿರುದಾರಿ’ ಚೆನ್ನಾಗಿ ಒಪ್ಪುತ್ತದೆ ಅಲ್ವಾ?

ಆದರೆ ಅನುವಾದಕರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಈ ಒಂದೇ ಹೆಸರಲ್ಲಿ ಎರಡು ಬೇರೆ ಸಾಧನ ಮಾರುತ್ತಾರೆ. ಒಂದು ಗಾಜಿನ ಕುಪ್ಪಿ, ಮೇಲೆ ಗಿಡ್ಡ ಕತ್ತು, ಪಕ್ಕದಲ್ಲಿ ತಣಿಸುವ ಕೊಳವೆ. ಒಂದು ಸಲ ತುಂಬಿದರೆ ಅದು ಮುಗಿಯುವವರೆಗೆ ಎಣ್ಣೆ ಗಂಟೆಗಟ್ಟಲೆ ಕುಪ್ಪಿಯಲ್ಲಿ ಕಾಯುತ್ತಾ ಕೂರುತ್ತದೆ. ಇನ್ನೊಂದು ನೆಟ್ಟಗೆ ನಿಂತ ಕೊಳವೆ. ಒಳಗೆ ತಿರುಗುವ ಬ್ಲೇಡು ಎಣ್ಣೆಯನ್ನು ಬಿಸಿ ಗೋಡೆಗೆ ತೆಳ್ಳಗೆ ಸವರುತ್ತದೆ, ತಣಿಸುವ ಭಾಗ ಅದೇ ಕೊಳವೆಯ ನಡುವೆ ಇರುತ್ತದೆ. ಅಲ್ಲಿ ಎಣ್ಣೆ ಬಿಸಿಯಲ್ಲಿರುವುದು ಸ್ವಲ್ಪವೇ ಹೊತ್ತು. ಮೇಲಿನಿಂದ ಸುರಿಯುತ್ತಲೇ ಇರಬಹುದು. ಸವರುವ ಸಾಧನ ಎಲ್ಲವೂ ಕಿರುದಾರಿ ಅಲ್ಲ, ಅದೂ ನೆನಪಿರಲಿ. ತಣಿಸುವ ಭಾಗ ಹೊರಗಿದ್ದರೆ ಆ ಹೆಸರು ಸಲ್ಲದು. ಕೈಪಿಡಿ ‘ಯಾವುದು ಕೊಳ್ಳಬೇಕು’ ಅಂತ ಹೇಳುವಾಗ ನಿಜವಾಗಿ ಈ ಎರಡರ ನಡುವೆ ಆರಿಸುತ್ತಿರುತ್ತದೆ. ಸ್ವಲ್ಪ ಸ್ವಲ್ಪ ಮಾಡಿ ನೋಡುವವರಿಗೆ ಕುಪ್ಪಿ, ದಿನವೂ ಇಳಿಸುವವರಿಗೆ ಸವರುವುದು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವನು ಕುಪ್ಪಿಯ ಪುಟ ಓದಿ ಇನ್ನೊಂದನ್ನು ಕೊಂಡಾನು.

ಇನ್ನೂ ಒಂದು ಗುಂಡಿ: ‘ಹೈ ವ್ಯಾಕ್ಯೂಮ್’. ಇದನ್ನು ‘ಹೆಚ್ಚಿನ ನಿರ್ವಾತ ಒತ್ತಡ’ ಅಂತ ಬರೆಯುವವರು ಇದ್ದಾರೆ. ಅರ್ಥ ತಲೆಕೆಳಗು. ಹೈ ಅಂದಷ್ಟೂ ಒತ್ತಡ ಕಡಿಮೆ. ಸುಮ್ನೆ ‘ಒತ್ತಡ ತೀರಾ ಕಡಿಮೆ’ ಅಂತ ಬರೆದುಬಿಡಿ.

ಹಾಗೇ ಕಂಡೆನ್ಸರಿಗೆ ಪಠ್ಯದ ‘ಸಾಂದ್ರಕ’ ಹಾಕಬೇಡಿ. ಈ ವ್ಯಾಪಾರದಲ್ಲಿ ಗಟ್ಟಿ ಮಾಡಿದ ಸಾರಕ್ಕೂ ‘ಸಾಂದ್ರ’ ಅಂತಲೇ ಬರುತ್ತದೆ. ಸಾಂದ್ರಕದಿಂದ ಸಾಂದ್ರ ಬಂತು ಅಂದರೆ ಓದುವವನಿಗೆ ತಲೆ ತಿರುಗುತ್ತದೆ. ‘ತಣಿಸುವ ಕೊಳವೆ’ ಸಾಕು.

* * *

ಕುಪ್ಪಿಯ ವಿಷಯ ತುಂಬಾ ಚೆನ್ನಾಗಿ ಹೇಳಿದಿರಿ, ತಲೆ ಸ್ವಲ್ಪ ತಿಳಿಯಾಯಿತು. ಆ ‘ಕೌ’ ಮತ್ತು ‘ಟ್ರ್ಯಾಪ್’ ಕೂಡ ಹೇಳಿಬಿಡಿ ಸರ್, ಪುಣ್ಯ ಬರುತ್ತದೆ.

* * *

ಮೊದಲು ಇಳಿದದ್ದು, ನಡುವೆ ಇಳಿದದ್ದು, ಕೊನೆಗೆ ಇಳಿದದ್ದು ಬೇರೆ ಬೇರೆ ಕುಪ್ಪಿಗೆ ಹೋಗಬೇಕು. ಮೊದಲು ಹಗುರದ, ವಾಸನೆಯ ಭಾಗ, ಆಮೇಲೆ ಬೇಕಾದದ್ದು, ಕೊನೆಗೆ ಕಂದು ಬಣ್ಣದ್ದು. ಹೊರಗಿನ ಗಾಳಿ ಒಳಗೆ ಬಿಡದೆ ಕುಪ್ಪಿ ಬದಲಿಸಲು ತಿರುಗಿಸುವ ಒಂದು ಗಾಜಿನ ಕವಲು ಇರುತ್ತದೆ, ಕೆಳಗೆ ಮೂರು ನಾಲ್ಕು ಕುಪ್ಪಿ ಜೋತಾಡುತ್ತವೆ. ಕೆಳಗಿನಿಂದ ನೋಡಿದರೆ ಹಸುವಿನ ಕೆಚ್ಚಲಿನ ಹಾಗೆ. ಅದಕ್ಕೇ ‘ಕೌ’. ಕೆಲವರು ಹಂದಿ ಅಂತಲೂ ಕರೆಯುತ್ತಾರೆ. ಕನ್ನಡದಲ್ಲಿ ಹಸು ಯಾಕೆ, ‘ಕೆಚ್ಚಲು’ ಅಂತಲೇ ಅನ್ನಿ. ಇಂಗ್ಲಿಷಿಗಿಂತ ನಮ್ಮದೇ ಸರಿಯಾಗಿ ಕೂರುತ್ತದೆ.

ಟ್ರ್ಯಾಪ್ ಇರುವುದು ತಣಿಸುವ ಕೊಳವೆಗೂ ಪಂಪಿಗೂ ನಡುವೆ. ತಪ್ಪಿಸಿಕೊಂಡು ಬಂದ ಆವಿ ಪಂಪಿನ ಎಣ್ಣೆಗೆ ಸೇರಿ ಪಂಪು ಹಾಳಾಗದಿರಲಿ ಅಂತ. ಸುತ್ತ ಒಣ ಮಂಜುಗಡ್ಡೆ ಹಾಕುತ್ತಾರೆ, ಅದು ಮೈನಸ್ 78 ಡಿಗ್ರಿ. ಇಲ್ಲವೇ ದ್ರವ ಸಾರಜನಕ, ಮೈನಸ್ 196. ‘ಬಲೆ’ ಅಂದರೆ ಮೀನು ಹಿಡಿಯುವುದು ನೆನಪಾಗುತ್ತದೆ. ‘ಆವಿಹಿಡಿ’ ಅಂತ ಏನಾದರೂ ಮಾಡಿ, ಆ ಕಡೆ ನನಗೆ ತಲೆ ಓಡುವುದಿಲ್ಲ. ಕೊನೆಗೆ ಕುಪ್ಪಿಯ ತಳದಲ್ಲಿ ಉಳಿಯುವುದಕ್ಕೆ ಮಾತ್ರ ‘ಶೇಷ’ ಬೇಡ, ‘ಗಸಿ’ ಅನ್ನಿ.

* * *

ಗಿಡದ ಹೆಸರಿಗೆ ಯಾರೂ ಉತ್ತರ ಕೊಡಲಿಲ್ಲ.

ಸೆಣಬು ಬೇಡವೇ ಬೇಡ. ಆ ಒಂದು ಹೆಸರಲ್ಲಿ ಈಗಾಗಲೇ ಎರಡು ಗಿಡ ಸೇರಿಕೊಂಡಿವೆ. ಚೀಲ ನೇಯುವ ಜೂಟು ಒಂದು. ಹಳದಿ ಹೂ ಬಿಡುವ, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಕ್ರೊಟಲೇರಿಯ ಇನ್ನೊಂದು, ಅದು ಅವರೆ, ತೊಗರಿಯ ನಂಟ. ಸಂಸ್ಕೃತದ ‘ಶಣ’ ಕೂಡ ಮುಖ್ಯವಾಗಿ ಅದೇ. ಮೂರನೆಯದನ್ನು ತಂದು ತುರುಕಬೇಡಿ. ಗಾಂಜಾ ಅಂದರೆ ಹೂತೆನೆ. ಅಂಟು ಚರಸ್. ಭಂಗಿ ಅಂದಾಗ ಸೊಪ್ಪೂ ಆದೀತು, ಗಿಡವೂ ಆದೀತು, ಹಾಗಾಗಿ ‘ಭಂಗಿ ಗಿಡ’ ಅಂತ ಬಿಡಿಸಿ ಬರೆದರೆ ತಕರಾರಿಲ್ಲ.

* * *

> ‘ಭಂಗಿ ಗಿಡ’ ಅಂತ ಬಿಡಿಸಿ ಬರೆದರೆ

ಇಲ್ಲಿ ಮಹಾಪ್ರಾಣ ಬಂತಲ್ಲ! ಭಟ್ಟಿಗೆ ಬೇಡ, ಭಂಗಿಗೆ ಬೇಕು. ಇದು ಯಾವ ನ್ಯಾಯ?

* * *

‘ಬಂಗಿ’ ಅಂತ ಬರೆದವರೂ ಇದ್ದಾರೆ. ನಾನು ಅವರ ಕಡೆ.

* * *

ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

ಶೀರ್ಷಿಕೆಯಲ್ಲಿ ‘ಕಿರುದಾರಿ ಬಟ್ಟಿ’, ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ‘ಶಾರ್ಟ್ ಪಾತ್’ ಅಂತಲೂ ಹಾಕಿದ್ದೇನೆ, ಮೊದಲ ಉತ್ತರ ಕೊಟ್ಟವರ ಮಾತೂ ಸುಳ್ಳಲ್ಲ. ಆಮೇಲೆ ಎಲ್ಲ ಕಡೆ ‘ಕುಪ್ಪಿಬಟ್ಟಿ’, ‘ಸವರುಬಟ್ಟಿ’ ಅಂತ ಬೇರೆ ಬೇರೆ. ಕೋಷ್ಟಕದ ತಲೆಬರಹಗಳು ಅದರಿಂದಲೇ ಸರಿಹೋದವು. ಮೂಲದಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದ ಕಡೆ ಮೂರು ಜಾಗದಲ್ಲಿ ಯಾವುದು ಅಂತ ತಿಳಿಯದೆ ಕೈಪಿಡಿ ಬರೆದವರನ್ನೇ ಕೇಳಬೇಕಾಯಿತು. ಅವರಿಗೂ ಒಂದು ಜಾಗದಲ್ಲಿ ಗೊತ್ತಿರಲಿಲ್ಲ! ಗಿಡಕ್ಕೆ ‘ಕ್ಯಾನಬಿಸ್’, ಮೊದಲ ಪುಟದಲ್ಲಿ ಮಾತ್ರ ‘ಭಂಗಿ ಗಿಡ’.

‘ಕೆಚ್ಚಲು’ ಹಾಕಿದೆ. ಕರಡು ನೋಡಿದವರು ‘ಕೆಚ್ಚಲು ತೊಳೆದು ಒಣಗಿಸುವ ಕ್ರಮ’ ಅನ್ನುವ ಉಪಶೀರ್ಷಿಕೆ ಓದಿ, ಪಶುವೈದ್ಯದ ಪುಟ ಇದರಲ್ಲಿ ಹೇಗೆ ಸೇರಿತು ಅಂತ ಕೇಳಿದರು. ‘ಗಾಜಿನ ಕೆಚ್ಚಲು’ ಅಂತ ತಿದ್ದಿ ಕೊಟ್ಟಿದ್ದೇನೆ. ಟ್ರ್ಯಾಪಿಗೆ ‘ಆವಿಹಿಡಿ’.

* * *

‘ಆವಿಹಿಡಿ’ ಆಜ್ಞೆಯ ಹಾಗೆ ಕೇಳುತ್ತದೆ. ಕೃತ್ ಪ್ರತ್ಯಯ ಹಚ್ಚಿ ‘ಆವಿಹಿಡುಕ’ ಎಂದು ಮಾಡಬೇಕಿತ್ತು. ಒಂದು ಮಾತು ಕೇಳಿ ಕಳಿಸಬಾರದಿತ್ತೇ?

* * *

‘ಹಿಡುಕ’ ಬೇಡ ಮೇಷ್ಟ್ರೇ. ಅದರ ಮುಂದೆ ‘ತಲೆ’ ತಾನಾಗಿ ಬಂದು ಕೂರುತ್ತದೆ.