10 ದಿನದ ತರಬೇತಿ ಶಿಬಿರ, ಜೊತೆಗೆ ಒಂದು ಸಾರ್ವಜನಿಕ ದಿನ: ಬಲೂನು, ಸೆನ್ಸರ್, ಉಪನ್ಯಾಸ – ಯಾವುದಕ್ಕೆ ಎಷ್ಟು ಸಮಯ?

ಗಾಳಿಗುರುತು (ಪ್ರಶ್ನೆ)

ನಾಲ್ಕೈದು ದೇಶಗಳ ಸಂಸ್ಥೆಗಳು ಸೇರಿ ನಡೆಸುವ ವಾಯುಮಂಡಲ ಮಾಪನ ಅಭಿಯಾನದ ಜೊತೆಗೇ 10 ದಿನದ ತರಬೇತಿ ಶಿಬಿರ ಇಡುವ ಯೋಜನೆ ಇದೆ. ಒಟ್ಟು 18 ಮಂದಿ. ಹೆಚ್ಚಿನವರು ಪಿಎಚ್‌ಡಿಯ ಮೊದಲೆರಡು ವರ್ಷದವರು. ಅರ್ಧದಷ್ಟು ಜನ ಮಾಡೆಲಿಂಗ್ (ಕಂಪ್ಯೂಟರಿನಲ್ಲಿ ವಾಯುಮಂಡಲದ ಲೆಕ್ಕ) ಕಡೆಯವರಾದ್ದರಿಂದ ಉಪಕರಣ ಮುಟ್ಟಿದವರಲ್ಲ. ಕೊನೆಯ ದಿನ ಶಾಲಾ ಮಕ್ಕಳಿಗೂ ಸಾರ್ವಜನಿಕರಿಗೂ ಜಾಗ ತೆರೆದಿಡಬೇಕು ಎಂಬುದು ಅನುದಾನದ ಷರತ್ತು.

ಈಗಿನ ಕರಡು ವೇಳಾಪಟ್ಟಿಯಲ್ಲಿ ಬೆಳಿಗ್ಗೆ ನಾಲ್ಕು ಉಪನ್ಯಾಸ, ಮಧ್ಯಾಹ್ನ 'ಉಪಕರಣಗಳ ಪರಿಚಯ' ಅಂತಿದೆ. ಇದು ಸಪ್ಪೆ ಅನ್ನಿಸುತ್ತಿದೆ. ತಿಳಿದವರಲ್ಲಿ ಮೂರು ಪ್ರಶ್ನೆ:

1. ರೇಡಿಯೋಸಾಂಡ್ (ಮೇಲೇರುತ್ತಾ ತಾಪಮಾನ, ತೇವಾಂಶ ಅಳೆದು ರೇಡಿಯೋದಲ್ಲಿ ಕಳಿಸುವ ಪುಟ್ಟ ಉಪಕರಣ) ಹೊತ್ತ ಬಲೂನು ಹಾರಿಸುವ ಕೆಲಸವನ್ನು ವಿದ್ಯಾರ್ಥಿಗಳ ಕೈಗೇ ಕೊಡಬಹುದೇ?
2. ಅಗ್ಗದ ಪಿಎಂ 2.5 (ಗಾಳಿಯಲ್ಲಿನ 2.5 ಮೈಕ್ರಾನಿಗಿಂತ ಸಣ್ಣ ಕಣ) ಸೆನ್ಸರ್‌ಗಳಲ್ಲಿ ಗಂಭೀರ ಅಭ್ಯಾಸ ಮಾಡಿಸಲು ಸಾಧ್ಯವೇ, ಇಲ್ಲ ಅದು ಆಟಿಕೆಯಾಗಿಯೇ ಉಳಿಯುತ್ತದೆಯೇ?
3. ಸಾರ್ವಜನಿಕ ದಿನಕ್ಕೆ ಪೋಸ್ಟರ್ ಬಿಟ್ಟು ಬೇರೇನು ಇಡಬಹುದು?

---

ಮೇಲ್ಗಾಳಿ

ಬಲೂನು ಧಾರಾಳವಾಗಿ ಕೊಡಿ. ಆದರೆ ಹೀಲಿಯಂ ಮಾತ್ರ. ಹೈಡ್ರೋಜನ್ ಗಾಳಿಯಲ್ಲಿ 4ರಿಂದ 75 ಶೇಕಡಾವರೆಗೆ ಬೆರೆತಾಗ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದ ಅರ್ಥಿಂಗ್, ಬಟ್ಟೆ, ಶಿಸ್ತು ಎಲ್ಲವನ್ನೂ 18 ಹೊಸಬರಿಗೆ ಹತ್ತು ದಿನದಲ್ಲಿ ಕಲಿಸುವುದು ಆಗದ ಮಾತು.

ಲೆಕ್ಕ ಅವರೇ ಹಾಕಲಿ. 350 ಗ್ರಾಂ ಬಲೂನು. ಸಾಂಡ್, ಪ್ಯಾರಾಚೂಟ್, ದಾರ ಸೇರಿ ಸುಮಾರು 150 ಗ್ರಾಂ. ಸೆಕೆಂಡಿಗೆ 5 ಮೀಟರ್ ಏರಲು ಇವುಗಳ ಮೇಲೆ ಇನ್ನೂ 700 ಗ್ರಾಂನಷ್ಟು ಎತ್ತುವ ಬಲ ಬೇಕು. ಒಟ್ಟು 1.2 ಕೆಜಿ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಹೀಲಿಯಂ ಹೆಚ್ಚುಕಡಿಮೆ 1 ಕೆಜಿ ಎತ್ತುತ್ತದೆ, ಹಾಗಾಗಿ 1.2 ಘನ ಮೀಟರ್ ಅನಿಲ. ತುಂಬಿಸುವಾಗ ಬಲೂನಿನ ಕುತ್ತಿಗೆಗೆ 850 (150 + 700) ಗ್ರಾಂ ತೂಕ ಕಟ್ಟಿ. ಅದು ನೆಲ ಬಿಟ್ಟು ತೇಲಿದ ತಕ್ಷಣ ಕವಾಟ ಮುಚ್ಚಬೇಕು. ಅನಿಲ ತುಂಬುವ ನಳಿಗೆಯ ತೂಕವೂ ಆ 850ರ ಒಳಗೇ ಬರುತ್ತದೆ. ಇದನ್ನು ಮರೆತರೆ ಅನಿಲ ಹೆಚ್ಚಾಗಿ, ಬಲೂನು ಬೇಗ ಏರಿ ಕೆಳಗೇ ಒಡೆಯುತ್ತದೆ. ಕಡಿಮೆ ತುಂಬಿಸಿದರೆ ನಿಧಾನವಾಗಿ ಏರುತ್ತದೆ, ಸೆನ್ಸರ್ ಮೇಲೆ ಗಾಳಿ ಸಾಕಷ್ಟು ಹರಿಯುವುದಿಲ್ಲ, ಗಾಳಿಪಾಲಾಗಿ ದೂರ ಹೋಗುತ್ತದೆ. ಮಳೆ ಇದ್ದರೆ ಬಲೂನು ನೀರು ಹೊರುವುದರಿಂದ ಸ್ವಲ್ಪ ಹೆಚ್ಚೇ ಬೇಕು.

ಕೈತಪ್ಪುವ ಜಾಗಗಳು ಇವು. ಉಗುರು, ಉಂಗುರ, ಒರಟು ಮೇಜು: ಲೇಟೆಕ್ಸ್ ಮೇಲೆ ಗೀರು ಬಿದ್ದರೆ ನೆಲದಲ್ಲಿ ಗೊತ್ತೇ ಆಗುವುದಿಲ್ಲ, ಮೇಲೆ ಹೋಗಿ ಒಡೆಯುತ್ತದೆ. ಸೆನ್ಸರ್ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿದರೆ ಚರ್ಮದ ಜಿಡ್ಡು ತೇವಾಂಶದ ಅಳತೆ ಕೆಡಿಸುತ್ತದೆ. ದಾರ 30 ಮೀಟರಿಗಿಂತ ಚಿಕ್ಕದಾದರೆ ಬಿಸಿಲಿಗೆ ಕಾದ ಬಲೂನಿನ ಬೆನ್ನಿಗೆ ಬರುವ ಗಾಳಿಯನ್ನೇ ಸಾಂಡ್ ಅಳೆಯುತ್ತಾ ಹೋಗುತ್ತದೆ. ಜೋರು ಗಾಳಿಯಿದ್ದರೆ ಬಲೂನು ಹಿಡಿದವರಿಗಿಂತ ಸಾಂಡ್ ಹಿಡಿದವರು ಗಾಳಿ ಹೋಗುವ ದಿಕ್ಕಿನಲ್ಲಿ ಮುಂದೆ ನಿಂತಿರಬೇಕು; ಇಲ್ಲದಿದ್ದರೆ ಸಾಂಡ್ ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ.

ನಿಜವಾದ ತರಬೇತಿ ಇರುವುದು ಹಾರಿಸಿದ ಮೇಲೆ. 30 ಕಿಮೀ ತಲುಪಲು 100 ನಿಮಿಷ ಬೇಕು, ಅಷ್ಟು ಹೊತ್ತು ಪರದೆಯ ಮುಂದೆ ಕೂರಿಸಿ. ಆಮೇಲೆ ತಿದ್ದಿದ ಡೇಟಾ ಕೊಡಬೇಡಿ, ಕಚ್ಚಾ ಫೈಲ್ ಕೊಡಿ. ಅದರಲ್ಲಿ ಮೂರು ಬಲೆ ಇರುತ್ತವೆ. ಮೊದಲನೆಯದು, ಬಲೂನು ಒಡೆದ ಮೇಲಿನ ಇಳಿಕೆಯ ಡೇಟಾ ಏರಿಕೆಯ ಜೊತೆ ಬೆರೆತಿರುತ್ತದೆ. ಎತ್ತರದ ಪ್ರಕಾರ ನಡುನಡುವಿನ ಬೆಲೆ ಕಂಡುಹಿಡಿಯಲು, ಅಂದರೆ ಇಂಟರ್‌ಪೊಲೇಟ್ ಮಾಡಲು ಹೊರಟವರ ಪ್ರೋಗ್ರಾಂ ಅಲ್ಲೇ ಕೈಕೊಡುತ್ತದೆ. ಎರಡನೆಯದು, ಮೋಡದಿಂದ ಹೊರಬಂದ ಕೂಡಲೇ ಒದ್ದೆ ಸೆನ್ಸರ್ ಆರುವಾಗ ತಾಪಮಾನ ದಿಢೀರ್ ಕುಸಿದಂತೆ ಕಾಣುವುದು. ನೆಲದ ಹತ್ತಿರದ ಕಾದ ಪದರ ಬಿಟ್ಟರೆ ಮೇಲೆಲ್ಲೂ ಕಿಲೋಮೀಟರಿಗೆ 9.8 ಡಿಗ್ರಿಗಿಂತ ಹೆಚ್ಚಿನ ಇಳಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂಥದ್ದು ಕಂಡರೆ ಮೊದಲು ಸೆನ್ಸರನ್ನೇ ಅನುಮಾನಿಸಬೇಕು.

ಮೂರನೆಯದು ಟ್ರೋಪೋಪಾಸ್, ಅಂದರೆ ವಾಯುಮಂಡಲದ ಕೆಳಪದರ ಮುಗಿದು ಮೇಲಿನದು ಶುರುವಾಗುವ ಗಡಿ. ವಿಶ್ವ ಹವಾಮಾನ ಸಂಸ್ಥೆಯ ವ್ಯಾಖ್ಯೆಯಲ್ಲಿ ಎರಡು ಷರತ್ತು ಇವೆ: ತಾಪಮಾನದ ಇಳಿಕೆ ಕಿಲೋಮೀಟರಿಗೆ 2 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗುವ ಅತಿ ಕೆಳಗಿನ ಮಟ್ಟವಾಗಿರಬೇಕು; ಅಲ್ಲಿಂದ ಮೇಲಿನ 2 ಕಿಮೀ ಒಳಗಿನ ಯಾವ ಮಟ್ಟಕ್ಕೂ ಸರಾಸರಿ ಇಳಿಕೆ 2 ಡಿಗ್ರಿ ಮೀರಿರಬಾರದು. ಎರಡನೆಯ ಷರತ್ತು ಬಿಟ್ಟು ಪ್ರೋಗ್ರಾಂ ಬರೆದವರಿಗೆ 2 ಕಿಮೀ ಎತ್ತರದ ಯಾವುದೋ ವಿಲೋಮ ಪದರವೇ (ಮೇಲೆ ಹೋದಂತೆ ತಾಪಮಾನ ಏರುವ ಪದರ) ಟ್ರೋಪೋಪಾಸ್ ಆಗಿ ಸಿಗುತ್ತದೆ. ಮಾಡೆಲಿಂಗ್ ಕಡೆಯವರಿಗೆ ಈ ಅಭ್ಯಾಸ ಬಹಳ ಒಗ್ಗುತ್ತದೆ.

ಕಾಗದಪತ್ರ: ವಿಮಾನ ಸಂಚಾರ ನಿಯಂತ್ರಣದ ಅನುಮತಿ, ಮತ್ತು ಸಾಂಡ್ ಬಳಸುವ 400.15ರಿಂದ 406 ಮೆಗಾಹರ್ಟ್ಸ್ ರೇಡಿಯೋ ಆವರ್ತನದ ಅನುಮತಿ ಎರಡನ್ನೂ ತಿಂಗಳುಗಟ್ಟಲೆ ಮೊದಲೇ ಕೇಳಿ. ಹೊರದೇಶದಿಂದ ಉಪಕರಣ ತರುವವರು ಎಟಿಎ ಕಾರ್ನೆಟ್ (ತಾತ್ಕಾಲಿಕವಾಗಿ ಸುಂಕವಿಲ್ಲದೆ ಸಾಮಾನು ತರುವ ಕಸ್ಟಮ್ಸ್ ಪತ್ರ) ಮಾಡಿಸಿರುತ್ತಾರೆ. ಆದರೆ ಕಾರ್ನೆಟ್ ಇರುವುದು ವಾಪಸ್ ಹೋಗುವ ಸಾಮಾನಿಗೆ. ಬಲೂನು, ಸಾಂಡ್, ಫಿಲ್ಟರ್‌ನಂಥ ಬಳಸಿ ಮುಗಿಯುವ ವಸ್ತುಗಳಿಗೆ ಬೇರೆಯೇ ಆಮದು ಪತ್ರ ಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರೆ ಇಡೀ ಪೆಟ್ಟಿಗೆ ಕಸ್ಟಮ್ಸ್‌ನಲ್ಲೇ ಕೂರುತ್ತದೆ.

---

ಕಣಗಣಕ

ಎರಡನೇ ಪ್ರಶ್ನೆಗೆ: ಸೆನ್ಸರ್ ಅಗ್ಗ, ಆದರೆ ಅದರ ದೋಷಗಳು ಬಹಳ ಬೆಲೆಬಾಳುವ ಪಾಠ. ಕೆಳಗಿನದು ಪ್ಲಾಂಟವರ್ ಪಿಎಂಎಸ್ 5003 ಥರದ, ಲೇಸರ್ ಬೆಳಕಿನ ಚದುರುವಿಕೆ ನೋಡಿ ಲೆಕ್ಕ ಹಾಕುವ ಸೆನ್ಸರ್‌ಗಳ ಬಗ್ಗೆ.

ಒಂಬತ್ತು ಜೋಡಿಗೆ ಒಂಬತ್ತು ಸೆನ್ಸರ್ ಕೊಡಿ, ಒಂದು ಹೆಚ್ಚುವರಿ ಇರಲಿ. ಹಂಚುವ ಮೊದಲು ಹತ್ತನ್ನೂ ಒಂದೇ ಹಲಗೆಯ ಮೇಲೆ, ಅಭಿಯಾನದ ಪ್ರಮಾಣಿತ ಉಪಕರಣದ (ಫಿಲ್ಟರ್ ಮೇಲೆ ಕೂತ ಕಣಗಳನ್ನು ಬೀಟಾ ಕಿರಣದಿಂದ ಅಳೆಯುವ ಬೀಟಾ ಅಟೆನ್ಯುಯೇಷನ್ ಮಾನಿಟರ್ ಇದ್ದರೆ ಸರಿಹೋಯಿತು) ಒಳದಾರಿಯ ಪಕ್ಕ, ಅದೇ ಎತ್ತರದಲ್ಲಿ ಕನಿಷ್ಠ 48 ಗಂಟೆ ಇಡಬೇಕು. ಸೆಕೆಂಡಿನ ಓದುಗಳನ್ನು ಗಂಟೆಯ ಸರಾಸರಿಗೆ ತಂದು, ಮೊದಲು ಸೆನ್ಸರ್‌ಗಳು ತಮ್ಮತಮ್ಮಲ್ಲಿ ಎಷ್ಟು ಒಪ್ಪುತ್ತವೆ ನೋಡಿ, ಆಮೇಲೆ ಪ್ರಮಾಣಿತದ ಜೊತೆ ಹೋಲಿಸಲಿ. ಸಾಮಾನ್ಯವಾಗಿ ಅವು ಪರಸ್ಪರ ಚೆನ್ನಾಗಿಯೇ ಒಪ್ಪುತ್ತವೆ, ಆದರೆ ಎಲ್ಲವೂ ಒಟ್ಟಿಗೇ ತಪ್ಪಿರುತ್ತವೆ. ನಿಖರತೆಗೂ ಪುನರಾವರ್ತನೆಗೂ ಇರುವ ಅಂತರ ಇಷ್ಟು ಕಣ್ಣಿಗೆ ಹೊಡೆದಂತೆ ಬೇರೆಲ್ಲೂ ಕಾಣುವುದಿಲ್ಲ.

ತಪ್ಪಲು ಮುಖ್ಯ ಕಾರಣ ತೇವ. ಸಾಪೇಕ್ಷ ತೇವಾಂಶ 75–80 ಶೇಕಡಾ ದಾಟಿದರೆ ಸಲ್ಫೇಟ್, ನೈಟ್ರೇಟ್ ಕಣಗಳು ನೀರು ಹೀರಿ ಉಬ್ಬುತ್ತವೆ, ಬೆಳಕನ್ನು ಹೆಚ್ಚು ಚದುರಿಸುತ್ತವೆ. ಪ್ರಮಾಣಿತ ಉಪಕರಣ ಗಾಳಿಯನ್ನು ಬಿಸಿಮಾಡಿ ಒಣಗಿಸಿ ಅಳೆಯುತ್ತದೆ, ಇವಕ್ಕೆ ಆ ಸೌಕರ್ಯ ಇಲ್ಲ. ಅಮೆರಿಕದಲ್ಲಿ ಇಂಥ ಸೆನ್ಸರ್‌ಗಳಿಗೆ ಬಳಕೆಗೆ ಬಂದ ತಿದ್ದುಪಡಿ ಹೀಗಿದೆ: 0.524 × ಸೆನ್ಸರ್ ಓದು − 0.0862 × ತೇವಾಂಶ + 5.75. ಇದನ್ನು ಹಾಗೇ ಎತ್ತಿ ಹಾಕಲು ಬಿಡಬೇಡಿ. ಅದೇ ರೂಪದ ಸಮೀಕರಣಕ್ಕೆ ತಮ್ಮ 48 ಗಂಟೆಯ ಡೇಟಾದಿಂದ ತಾವೇ ಗುಣಾಂಕ ಕಂಡುಹಿಡಿದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಇನ್ನೊಂದು ಎಡವಟ್ಟು: ಈ ಸೆನ್ಸರ್ ಎರಡು ಬಗೆಯ ಪಿಎಂ 2.5 ಸಂಖ್ಯೆ ಕೊಡುತ್ತದೆ, 'ಸಿಎಫ್=1' ಮತ್ತು 'ವಾತಾವರಣ' ಅಂತ. ಮೇಲಿನ ಸಮೀಕರಣ ಮೊದಲನೆಯದಕ್ಕೆ. ಕಾಲಂ ಅದಲುಬದಲಾದರೆ ಗಾಳಿ ಶುದ್ಧವಿದ್ದಾಗ ಗೊತ್ತಾಗುವುದಿಲ್ಲ, ಮಾಲಿನ್ಯ ಹೆಚ್ಚಾದಂತೆ ಎರಡೂ ದೂರವಾಗುತ್ತವೆ. ಪಿಎಂ 10 ಕಾಲಂ ನಂಬಲೇಬೇಡಿ. ದಪ್ಪ ಧೂಳಿನ ಕಣ ಈ ಸೆನ್ಸರ್‌ಗೆ ಸರಿಯಾಗಿ ಕಾಣುವುದೇ ಇಲ್ಲ.

ಡೇಟಾದ ಶಿಸ್ತು ಎರಡು ಮಾತಲ್ಲಿ: ಎಲ್ಲ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ), ಕಚ್ಚಾ ಫೈಲ್ ಓದಲು ಮಾತ್ರ. ಐದು ದೇಶದವರು ಐದು ಲ್ಯಾಪ್‌ಟಾಪ್ ತಂದರೆ ದಿನಾಂಕ ಬರೆಯುವ ಕ್ರಮವೇ ಮೂರು ಥರ ಇರುತ್ತದೆ. ಕೆಟ್ಟ ಓದುಗಳನ್ನು ಅಳಿಸಬಾರದು, ಪಕ್ಕದ ಕಾಲಂನಲ್ಲಿ ಕಾರಣದ ಸಂಕೇತ ಹಾಕಬೇಕು. ಹಾಗೇ ಗಾಳಿಯ ದಿಕ್ಕಿನ ಸರಾಸರಿ ಕೇಳಿ ನೋಡಿ: 350 ಮತ್ತು 10 ಡಿಗ್ರಿಯ ಸರಾಸರಿ 180 ಅಂತ ಕೊಡುವವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ. ಉತ್ತರದ ಗಾಳಿ ದಕ್ಷಿಣದ ಗಾಳಿಯಾಗಿಬಿಡುತ್ತದೆ! ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ ಘಟಕಗಳಾಗಿ ಒಡೆದು ಸರಾಸರಿ ಮಾಡಿಸಿ.

---

ಗಾಳಿಗುರುತು

ಇಬ್ಬರಿಗೂ ಧನ್ಯವಾದ. ಹಾಗಾದರೆ ಉಪನ್ಯಾಸ ಪೂರ್ತಿ ತೆಗೆದುಬಿಡಲೇ? ಹಿರಿಯ ವಿಜ್ಞಾನಿಗಳು ಮಾತಾಡಲೆಂದೇ ಬರುತ್ತಾರೆ, ಅವರನ್ನು ಏನು ಮಾಡಲಿ?

---

ಶಿಖರಕೇಂದ್ರ

ತೆಗೆಯಬೇಡಿ, ದಿನಕ್ಕೆ ಒಂದಕ್ಕೆ ಇಳಿಸಿ. ಅದೂ ಹಿಂದಿನ ದಿನದ ಡೇಟಾ ಕೈಗೆ ಬಂದ ಮೇಲೆ. ಮೋಡದಿಂದ ಹೊರಬಂದ ಸಾಂಡ್‌ನ ವಿಚಿತ್ರ ಗೆರೆಯನ್ನು ಕಂಡವರಿಗೆ ಮೋಡದ ಭೌತವಿಜ್ಞಾನದ ಉಪನ್ಯಾಸ ಕೇಳಿಸಿಕೊಳ್ಳಲು ಕಾರಣ ಇರುತ್ತದೆ.

ಮಾದರಿಗೆ ವಿಶ್ವ ಹವಾಮಾನ ಸಂಸ್ಥೆಯ ಜಾಗತಿಕ ವಾಯುಮಂಡಲ ನಿಗಾ ಕಾರ್ಯಕ್ರಮದ ತರಬೇತಿ ಕೇಂದ್ರ ಗಾಟೆಕ್ ನೋಡಿ. 2001ರಿಂದ ಜರ್ಮನಿಯ ತ್ಸುಗ್‌ಶ್ಪಿಟ್ಸೆ ಶಿಖರದ ಕೆಳಗಿನ ಶ್ನೇಫರ್ನರ್‌ಹೌಸ್‌ನಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿ, ಮಾಪನ ಕೇಂದ್ರದ ಸಿಬ್ಬಂದಿಗೆ ಅಲ್ಲಿ ಕೋರ್ಸ್ ನಡೆದಿವೆ. ಪಾಠ ನಡೆಯುವ ಕಟ್ಟಡವೇ ಸಂಶೋಧನಾ ಕೇಂದ್ರ. 2019ರ ಮೊಸಾಯಿಕ್ ಆರ್ಕ್‌ಟಿಕ್ ಅಭಿಯಾನದಲ್ಲೂ 20 ವಿದ್ಯಾರ್ಥಿಗಳ ಶಾಲೆ ನಡೆದದ್ದು ಅಕಾಡೆಮಿಕ್ ಫೆಡೊರೊವ್ ಹಡಗಿನ ಮೇಲೇ.

ಮೇಲ್ಗಾಳಿಯವರ ಮಾತಿಗೆ ಒಂದು ತಕರಾರು. ಬಲೂನನ್ನು 18 ಜನರೂ ಹಾರಿಸುವುದು ದುಂದು; ಸಾಂಡ್ ಮರಳಿ ಸಿಗುವ ವಸ್ತುವಲ್ಲ. ಆರು ಮಂದಿಯ ಮೂರು ತಂಡ, ತಂಡಕ್ಕೆ ಎರಡು ಹಾರಾಟ ಸಾಕು: ಒಂದು 00 ಯುಟಿಸಿಗೆ, ಒಂದು 12 ಯುಟಿಸಿಗೆ. ಜಗತ್ತಿನ ಕೇಂದ್ರಗಳೆಲ್ಲ ಹಾರಿಸುವ ಹೊತ್ತೇ ಅದಾದ್ದರಿಂದ ಅಕ್ಕಪಕ್ಕದ ಕೇಂದ್ರಗಳ ಜೊತೆ ಹೋಲಿಸಬಹುದು. ಎರಡನೇ ಹಾರಾಟದಲ್ಲಿ ಪಾತ್ರಗಳು ಅದಲುಬದಲಾಗಲಿ. ಮಾಡೆಲಿಂಗ್‌ನವರು ಲ್ಯಾಪ್‌ಟಾಪ್ ಮುಂದಿಂದ ಏಳುವುದೇ ಇಲ್ಲ, ಅವರನ್ನು ಅನಿಲದ ಕವಾಟಕ್ಕೆ ನಿಲ್ಲಿಸಿ.

ಡೇಟಾ ಯಾರದು ಎಂಬುದನ್ನು ಶಿಬಿರ ಶುರುವಾಗುವ ಮೊದಲೇ ಬರೆದಿಡಿ. ವಿದ್ಯಾರ್ಥಿಗಳು ತೆಗೆದ ಮಾಪನ ಮುಂದೆ ಪ್ರಬಂಧಕ್ಕೆ ಬಳಕೆಯಾದರೆ ಹೆಸರು ಎಲ್ಲಿ ಬರುತ್ತದೆ, ಲೇಖಕರ ಸಾಲಿನಲ್ಲೋ ಕೃತಜ್ಞತೆಯಲ್ಲೋ, ಒಂದು ಪುಟದಲ್ಲಿ ಸ್ಪಷ್ಟವಿರಲಿ. ಬೇರೆ ಬೇರೆ ದೇಶದ ಸಂಸ್ಥೆಗಳ ರೂಢಿ ಬೇರೆ ಬೇರೆ, ಆಮೇಲೆ ಕೇಳಿದರೆ ಮನಸ್ತಾಪವೇ.

---

ಬಯಲುಬಾನು

ಮೂರನೇ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ನಾನು ಹೇಳುತ್ತೇನೆ. ವಿವರಿಸುವ ಕೆಲಸ ವಿದ್ಯಾರ್ಥಿಗಳದ್ದೇ ಆಗಲಿ, ಆದರೆ ತಮ್ಮ ಕೈಯಿಂದ ಮಾಪನ ಮಾಡಿದ ಉಪಕರಣದ ಮುಂದೆ ಮಾತ್ರ ನಿಲ್ಲಲಿ. ಒಬ್ಬೊಬ್ಬರಿಗೆ ಮೂರು ನಿಮಿಷ, ಸ್ಲೈಡ್ ಇಲ್ಲ.

ಪಿಎಂ ಸೆನ್ಸರ್ ಮೇಜಿನಲ್ಲಿ ಕಡ್ಡಿ ಗೀರಿ ಹೊಗೆ ತೋರಿಸುವುದು ಎಲ್ಲರೂ ಮಾಡುವ ಕೆಲಸ. ಅದರ ಪಕ್ಕದಲ್ಲಿ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ಇಡಿ. ಬರೀ ನೀರಿನ ಮಂಜಿಗೂ ಸಂಖ್ಯೆ ನೂರಾರಕ್ಕೆ ಹಾರುತ್ತದೆ. "ಇದು ಮಾಲಿನ್ಯವೇ?" ಎಂದು ಕೇಳಿ ಸುಮ್ಮನಿರಿ, ಮಕ್ಕಳೇ ಸೆನ್ಸರಿನ ಮಿತಿಯನ್ನು ಕಂಡುಹಿಡಿಯುತ್ತಾರೆ. ಗಡಸು ನೀರು ಹಾಕಿದರೆ ಹನಿ ಆರಿದ ಮೇಲೂ ಲವಣದ ಕಣ ಉಳಿದು ಓದು ಇಳಿಯುವುದಿಲ್ಲ. ಹಾಗಾಗಿ ಬಟ್ಟಿ ಇಳಿಸಿದ ನೀರು ಒಂದು ಪಾತ್ರೆ, ನಲ್ಲಿ ನೀರು ಒಂದು ಪಾತ್ರೆ ಇಟ್ಟು ಎರಡನ್ನೂ ತೋರಿಸಿ.

ಕಾರ್ಬನ್ ಡೈಆಕ್ಸೈಡ್‌ಗೆ ಕೋಣೆಯೇ ಉಪಕರಣ. ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಬಿಡುತ್ತಾರೆ. 200 ಘನ ಮೀಟರಿನ ಮುಚ್ಚಿದ ಕೋಣೆಯಲ್ಲಿ 30 ಜನ ಕೂತರೆ ಅರ್ಧ ಗಂಟೆಗೆ 1,350 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಏರಬೇಕು. ಲೆಕ್ಕವನ್ನು ಮೊದಲೇ ಹಲಗೆ ಮೇಲೆ ಬರೆದು ಆಮೇಲೆ ಅಳೆಯಿರಿ. ಕಡಿಮೆ ಬಂದರೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬ ಹುಡುಕಾಟ ಶುರು. ಸೆನ್ಸರಿಗೆ ನೇರ ಊದಲು ಬಿಡಬೇಡಿ: ಉಸಿರಿನಲ್ಲಿ 40,000 ಪಿಪಿಎಂ ಇರುತ್ತದೆ, ಸಾಧಾರಣ ಸೆನ್ಸರಿನ ಮಿತಿ 5,000, ಮೇಲಾಗಿ ತೇವ ಒಳಗೆ ಕೂರುತ್ತದೆ. ಸ್ವಯಂಚಾಲಿತ ತಳಮಟ್ಟದ ತಿದ್ದುಪಡಿಯನ್ನೂ ಆಫ್ ಮಾಡಿ. ಕೆಲವು ದಿನಗಳ ಅತಿ ಕಡಿಮೆ ಓದನ್ನೇ ಅದು ಹೊರಗಾಳಿಯ 400 ಅಂದುಕೊಳ್ಳುತ್ತದೆ, ಸದಾ ಜನರಿರುವ ಕೋಣೆಯಲ್ಲಿ ಲೆಕ್ಕವೆಲ್ಲ ಕೆಳಕ್ಕೆ ಜಾರುತ್ತದೆ.

ಇಲ್ಲೇ ಒಂದು ಮಾತು ಸೇರಿಸಬಹುದು. ಹವಾಯಿಯ ಮೌನಾ ಲೋವಾ ಕೇಂದ್ರದಲ್ಲಿ 1958ರಲ್ಲಿ ಅಳತೆ ಶುರುವಾದಾಗ 315ರ ಆಸುಪಾಸು ಇದ್ದದ್ದು 2024ಕ್ಕೆ 424ರ ಆಸುಪಾಸಿಗೆ ಬಂದಿದೆ. ವರ್ಷಕ್ಕೆ ಏರಿಕೆ ಎರಡು ಮೂರು ಪಿಪಿಎಂ. ಮೇಜಿನ ಮೇಲಿನ ಸೆನ್ಸರ್ 30–50 ಪಿಪಿಎಂ ಆಚೀಚೆ ಹೇಳುತ್ತದೆ. ಉತ್ತರಾರ್ಧ ಗೋಳದಲ್ಲಿ ಕೇಂದ್ರ ಕೇಂದ್ರಗಳ ಓದಿನ ನಡುವಿನ ವ್ಯತ್ಯಾಸಕ್ಕೆ ಜಾಗತಿಕ ವಾಯುಮಂಡಲ ನಿಗಾ ಜಾಲ ಇಟ್ಟುಕೊಂಡಿರುವ ಗುರಿ 0.1 ಪಿಪಿಎಂ. ಅಭಿಯಾನದ ಕಂಟೇನರಿನಲ್ಲಿ ಅಷ್ಟೊಂದು ಕ್ಯಾಲಿಬ್ರೇಶನ್ ಸಿಲಿಂಡರ್ (ಸಾಂದ್ರತೆ ಮೊದಲೇ ಗೊತ್ತಿರುವ ಅನಿಲ) ಏಕಿವೆ ಎಂದು ಕೇಳುವವರಿಗೆ ಇದೇ ಉತ್ತರ.

ದೊಡ್ಡ ಪರದೆಯಲ್ಲಿ ಲೈವ್ ಪಿಎಂ ಸಂಖ್ಯೆ ಓಡಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ 15 ಮೈಕ್ರೋಗ್ರಾಂ 24 ಗಂಟೆಯ ಸರಾಸರಿಗೆ, 5 ವಾರ್ಷಿಕಕ್ಕೆ. ಸೆಕೆಂಡಿನ ಓದನ್ನು ಅದರ ಪಕ್ಕ ಇಟ್ಟರೆ ಫೋಟೊ ಹೊಡೆದುಕೊಂಡು ಹೋದವರು ಊರೆಲ್ಲ ಹಬ್ಬಿಸುತ್ತಾರೆ. ವಾಯು ಗುಣಮಟ್ಟ ಸೂಚ್ಯಂಕವೂ ಬೇಡ. ಒಂದೇ ಸಾಂದ್ರತೆಗೆ ದೇಶದಿಂದ ದೇಶಕ್ಕೆ ಸೂಚ್ಯಂಕ ಬೇರೆ ಬರುತ್ತದೆ, ನಿಮ್ಮಲ್ಲಿರುವವರೇ ಐದು ದೇಶದವರು.

"ಓಜೋನ್ ರಂಧ್ರದಿಂದಲೇ ಭೂಮಿ ಬಿಸಿಯಾಗುತ್ತಿರುವುದಲ್ಲವೇ?" ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಎಲ್ಲ ವಿದ್ಯಾರ್ಥಿಗಳ ಬಾಯಲ್ಲೂ ಒಂದೇ ಇರಲಿ: ಅಲ್ಲ, ಬಿಸಿಯಾಗಲು ಮುಖ್ಯ ಕಾರಣ ಕಾರ್ಬನ್ ಡೈಆಕ್ಸೈಡ್, ರಂಧ್ರಕ್ಕೆ ಕಾರಣ ಸಿಎಫ್‌ಸಿಯಂಥ ಕ್ಲೋರಿನ್, ಬ್ರೋಮಿನ್ ಸಂಯುಕ್ತಗಳು, 1987ರ ಮಾಂಟ್ರಿಯಲ್ ಒಪ್ಪಂದ ತಡೆದದ್ದು ಎರಡನೆಯದನ್ನು. ಸಿಎಫ್‌ಸಿ ತಾನೂ ಶಾಖ ಹಿಡಿಯುವ ಅನಿಲ ಎಂಬುದನ್ನು ಮರುಪ್ರಶ್ನೆ ಬಂದರೆ ಮಾತ್ರ ಹೇಳಿ, ಇಲ್ಲದಿದ್ದರೆ ಗೊಂದಲ ಮತ್ತೆ ಮೊದಲಿಗೇ ಬರುತ್ತದೆ.

ಖರ್ಚಿಲ್ಲದ ಇನ್ನೊಂದು: ಜನಸಾಮಾನ್ಯರೇ ಪರಿಸರದ ಮಾಪನ ಕಳಿಸುವ ಗ್ಲೋಬ್ ಕಾರ್ಯಕ್ರಮದ ಆ್ಯಪ್‌ನಲ್ಲಿ ಮೋಡ ದಾಖಲಿಸುವುದು. ಉಪಗ್ರಹ ಹಾದುಹೋಗುವ ಹೊತ್ತಿನ ಆಸುಪಾಸು ಕಳಿಸಿದರೆ ಅದರ ಚಿತ್ರದ ಜೊತೆ ಹೋಲಿಕೆ ಬರುತ್ತದೆ. ದಿಗಂತದ ಹತ್ತಿರದ ಮೋಡಗಳು ಒಂದರ ಪಕ್ಕ ಒಂದು ಅಂಟಿದಂತೆ ಕಾಣುವುದರಿಂದ ಎಲ್ಲರೂ ಮೋಡದ ಪ್ರಮಾಣ ಜಾಸ್ತಿ ಬರೆಯುತ್ತಾರೆ. ತಲೆಯ ಮೇಲಿನ ಭಾಗಕ್ಕೆ ಒತ್ತು ಕೊಡಲು ಹೇಳಿ. ಸೂರ್ಯನನ್ನು ನೇರ ನೋಡಬಾರದೆಂಬ ಫಲಕ ಇರಲಿ. ಮಕ್ಕಳ ಫೋಟೊಗೆ ಪೋಷಕರ ಒಪ್ಪಿಗೆ ಪತ್ರವನ್ನು ಶಾಲೆಗೆ ಮೊದಲೇ ಕಳಿಸಿ, ಗೇಟಿನಲ್ಲಿ ಸಹಿ ಹಾಕಿಸುತ್ತಾ ಕೂತರೆ 12 ಯುಟಿಸಿ ಬಲೂನು ತಪ್ಪಿಹೋಗುತ್ತದೆ.