ಹದಿನಾರಕ್ಕೇ ತಾಯಿಯಾದರೆ ಹುಡುಗಿಯ ಬೆಳವಣಿಗೆ ಏನಾಗುತ್ತದೆ?

ಹಳ್ಳಿಹೈದ: ನಮ್ಮಜ್ಜಿ ಹದಿನಾರಕ್ಕೇ ಹೆತ್ತವಳು. ಮುದುಕಿಯಾದ ಮೇಲೂ ಹೊಲದಲ್ಲಿ ದುಡಿದಳು. ಮೈನೆರೆದ ಮೇಲೆ ಹುಡುಗಿ ಇನ್ನೇನು ಬೆಳೆಯುತ್ತಾಳೆ?

ನರ್ಸಕ್ಕ: ಬೆಳೆಯುತ್ತಾಳೆ ತಮ್ಮಾ. ಮೈನೆರೆದ ಮೇಲೂ ಎಷ್ಟೋ ಹುಡುಗಿಯರು ಐದಾರು ಸೆಂಟಿಮೀಟರ್ ಎತ್ತರ ಆಗುತ್ತಾರೆ. ಎತ್ತರ ನಿಂತ ಮೇಲೂ ಸೊಂಟದ ಎಲುಬು ಅಗಲವಾಗುತ್ತಿರುತ್ತದೆ. ಮಗು ಬರುವ ದಾರಿಯೇ ಅದು. ನಿಮ್ಮಜ್ಜಿ ಗಟ್ಟಿ ಜೀವ, ಉಳಿದರು. ಅವರ ಓರಗೆಯವರಲ್ಲಿ ಹೆರಿಗೆಯಲ್ಲೇ ಹೋದವರು ಎಷ್ಟು ಜನ ಅಂತ ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ಮೇಷ್ಟ್ರು: ಇದು ವಯಸ್ಸಿನದ್ದಾ, ಬಡತನದ್ದಾ? ಚೆನ್ನಾಗಿ ಉಂಡುತಿಂದರೆ ಸರಿಹೋಗಲ್ವಾ?

ನರ್ಸಕ್ಕ: ಪೂರ್ತಿ ಸರಿಹೋಗಲ್ಲ ಸರ್. ಅಮೆರಿಕದ ಕ್ಯಾಮ್ಡನ್ ಊರಿನ ಅಧ್ಯಯನವೊಂದು 1994ರಲ್ಲಿ ಬಂತು. ಇನ್ನೂ ಬೆಳೆಯುತ್ತಿದ್ದ ಬಸುರಿ ಹುಡುಗಿಯರ ತೂಕ ಚೆನ್ನಾಗಿಯೇ ಏರಿತ್ತು. ಆದರೂ ಅವರ ಕೂಸುಗಳ ತೂಕ ಕಡಿಮೆ. ತಾಯಿಯ ಮೈ ತನ್ನ ಪಾಲು ಬಿಟ್ಟುಕೊಟ್ಟಿರಲಿಲ್ಲ. ಊಟಕ್ಕೇ ಕೊರತೆ ಇರುವ ಕಡೆ ಪೆಟ್ಟು ತಾಯಿಗೂ ಬೀಳುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಸುರಾದ ಹುಡುಗಿಯರ ಎತ್ತರ ಅಲ್ಲಿಗೇ ನಿಂತಿತ್ತು, ತೋಳು ಸಣ್ಣಗಾಗಿತ್ತು. ಬಸುರಾಗದ ಓರಗೆಯವರು ಬೆಳೆಯುತ್ತಲೇ ಇದ್ದರು.

ಅಂಗನವಾಡಿ ಟೀಚರ್: ನಮ್ಮಲ್ಲಿ ಬಸುರಿ-ಬಾಣಂತಿಯರಿಗೆ ಕೊಡುವ ಮಾತೃಪೂರ್ಣದ ಊಟಕ್ಕೆ ಬರುವ ಒಬ್ಬ ಹುಡುಗಿ ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ, ಮೈದುನನಿಗೆ ಅಂತ. ಈಗ ಎದುರಿಗೇ ಕೂರಿಸಿಕೊಂಡು ತಿನ್ನಿಸುತ್ತೇನೆ. ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಅಂತಿದೆ, ಮುಖ ನೋಡಿದರೆ ನಂಬಿಕೆ ಬರಲ್ಲ. ಎತ್ತರ 145 ಸೆಂಟಿಮೀಟರಿಗಿಂತ ಕಡಿಮೆ, ಹಾಗಾಗಿ ಅಪಾಯದ ಹೆರಿಗೆ ಅಂತ ಗುರುತು ಹಾಕಿದ್ದಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ ಕೇಸಿಗೆ ಹೆದರಿ ಮನೆಯವರು ವಯಸ್ಸು ಮುಚ್ಚಿಡುತ್ತಾರೆ. ಆಗ ಸರಿಯಾದ ಆರೈಕೆಯೂ ತಪ್ಪಿಹೋಗುತ್ತದೆ.

ಮೇಷ್ಟ್ರು: ಹಾಗಂತ ಕಾನೂನು ಸಡಿಲ ಮಾಡೋಕಾಗಲ್ಲ. ನಮ್ಮ ರಾಜ್ಯದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. ಆದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟಕ್ಕೆ ಮುಂಚೆಯೇ ಮದುವೆಯಾಗಿತ್ತು.

ಅಂಗನವಾಡಿ ಟೀಚರ್: ಸಡಿಲ ಮಾಡಿ ಅಂತ ನಾನೂ ಹೇಳಲ್ಲ ಸರ್. ಆದರೆ ಈಗಾಗಲೇ ಬಸುರಾದವಳನ್ನು ಅಪರಾಧಿ ತರ ನೋಡಬೇಡಿ. ಅವಳಿಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಆಸ್ಪತ್ರೆಯಲ್ಲೇ ಹೆರಿಗೆ ಬೇಕು. ಎರಡನೇ ಮಗುವಿಗೆ ಅವಸರ ಬೇಡ. ಬಸುರು ತಡೆಯುವ ‘ಅಂತರ’ ಇಂಜೆಕ್ಷನ್, ‘ಛಾಯಾ’ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ.

ಹಳ್ಳಿಹೈದ: ಅಕ್ಕಾ, ನಮ್ಮ ಚಿಕ್ಕಪ್ಪನ ಮಗಳಿಗೆ ಹದಿನೇಳು. ಗಂಡು ನೋಡುತ್ತಿದ್ದಾರೆ. ನನ್ನ ಮಾತು ಮನೆಯಲ್ಲಿ ನಡೆಯಲ್ಲ.

ನರ್ಸಕ್ಕ: ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಹೊತ್ತು ಯಾವುದಾದರೂ ಪರವಾಗಿಲ್ಲ. ನಿಶ್ಚಿತಾರ್ಥದವರೆಗೂ ಕಾಯಬೇಡ.